ನೋವಿಗೆ ಮಾತು, ಮಾತಿಗೆ ಕಿವಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಶತಮಾನೋತ್ಸವದ ದಿನಗಳಲ್ಲಿ ನಮ್ಮ ಹಿರಿಯರ ಅನೇಕ ಕಥೆಗಳನ್ನು ಕೇಳಿ ಹರ್ಷಗೊಂಡಿದ್ದೇವೆ. ದೇವಾಲಯದ ಅಡಿಪಾಯಕ್ಕೆ ಕಲ್ಲು ಹೊತ್ತವರ ಕಥೆ, ಬರಗಾಲದಲ್ಲಿ ಹಿಡಿ ಅಕ್ಕಿಯನ್ನು ಹಂಚಿಕೊಂಡವರ ಕಥೆ. ಇವೆಲ್ಲ ಹೇಳುವವರಿಗೂ ಕೇಳುವವರಿಗೂ ಹಿತವಾದ ಕಥೆಗಳು. ಆದರೆ ಇದೇ ನೂರು ವರ್ಷಗಳಲ್ಲಿ ನಮ್ಮ ಮನೆಗಳೊಳಗೆ ಯಾರೂ ಹೇಳದೆ ಉಳಿದ ಕಥೆಗಳೂ ಇವೆ. ಸ್ಮರಣ ಸಂಚಿಕೆಯಲ್ಲಿ ಅವು ಅಚ್ಚಾಗುವುದಿಲ್ಲ, ಅಚ್ಚಾಗಬೇಕಾದುದೂ ಇಲ್ಲ. ಆದರೆ ಅವನ್ನು ಎಲ್ಲಿಯೂ, ಯಾರೊಡನೆಯೂ ಹೇಳಲಾಗದಿದ್ದರೆ ಏನಾಗುತ್ತದೆ ಎಂಬುದನ್ನು ಈ ಸಂಜೆ ನಿಮ್ಮೊಡನೆ ಚಿಂತಿಸಬಯಸುತ್ತೇನೆ.

"ಬಾಯಿ ಬಿಟ್ಟರೆ ಬಣ್ಣಗೇಡು" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನೆಯ ಯಜಮಾನ ಕುಡಿತಕ್ಕೆ ದಾಸನಾದಾಗ ಆ ಮನೆಯಲ್ಲಿ ಆಳುವುದು ಈ ಗಾದೆಯೇ. ಹೆಂಡತಿ ನೆರೆಯವರಿಗೆ "ಅವರಿಗೆ ಜ್ವರ" ಎನ್ನುತ್ತಾಳೆ. ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವುದನ್ನು ನಿಲ್ಲಿಸುತ್ತಾರೆ. ಕುಡಿಯುವಾತನಂತೂ ತಾನು ಕುಡಿಯುತ್ತಿಲ್ಲವೆಂದು ಎಲ್ಲರಿಗೂ ಹೇಳುತ್ತಾನೆ. ಕೊನೆಗೆ ತನಗೂ ಹಾಗೆಯೇ ಹೇಳಿಕೊಳ್ಳುತ್ತಾನೆ. ಮಾನ ಉಳಿಸಿಕೊಳ್ಳಲೆಂದು ಮುಚ್ಚಿದ ಬಾಗಿಲೊಳಗೆ ಒಂದಿಡೀ ಕುಟುಂಬವೇ ಉಸಿರುಗಟ್ಟುತ್ತದೆ. ಅಂಥವನಿಗೆ ಉಪದೇಶ ಮಾಡುವವರಿಗೆ ಕೊರತೆಯಿಲ್ಲ. ಗುರುಗಳು ಬುದ್ಧಿ ಹೇಳುತ್ತಾರೆ, ವೈದ್ಯರು ಎಚ್ಚರಿಸುತ್ತಾರೆ, ಮಾವ ಗದರಿಸುತ್ತಾನೆ. ಅವನು ತಲೆ ತಗ್ಗಿಸಿ ಕೇಳುತ್ತಾನೆ, ಆಣೆ ಇಡುತ್ತಾನೆ, ಮತ್ತೆ ಕುಡಿಯುತ್ತಾನೆ.

ಉಪದೇಶವು ಮುಟ್ಟಲಾರದ ಹೃದಯವನ್ನು ಮತ್ತೊಬ್ಬನ ಸ್ವಂತ ಕಥೆಯು ಮುಟ್ಟಬಲ್ಲುದೆಂಬುದಕ್ಕೆ ಅಮೆರಿಕ ದೇಶದಲ್ಲಿ ನಡೆದ ಒಂದು ಸಂಗತಿ ಸಾಕ್ಷಿಯಾಗಿದೆ. ನ್ಯೂಯಾರ್ಕಿನ ಷೇರು ವ್ಯವಹಾರದಲ್ಲಿದ್ದ ಬಿಲ್ ವಿಲ್ಸನ್ ಎಂಬಾತ ಕುಡಿತದಿಂದ ಸರ್ವಸ್ವವನ್ನೂ ಕಳೆದುಕೊಂಡಿದ್ದನು. 1934ರ ನವೆಂಬರಿನಲ್ಲಿ ಅವನ ಹಳೆಯ ಸ್ನೇಹಿತನೊಬ್ಬ ಮನೆಗೆ ಬಂದನು. ಹಿಂದೆ ಇವನ ಜೊತೆಗೂಡಿ ಕುಡಿಯುತ್ತಿದ್ದವನು ಅಂದು ಮುಂದಿಟ್ಟ ಪಾನೀಯವನ್ನು ಮುಟ್ಟಲಿಲ್ಲ. ತಾನು ಹೇಗೆ ಬಿಡುಗಡೆ ಹೊಂದಿದೆನೆಂಬುದನ್ನು ಅಡುಗೆಮನೆಯ ಮೇಜಿನ ಬಳಿ ಕುಳಿತು ಹೇಳಿದನು. ಮರುತಿಂಗಳೇ ಬಿಲ್ ಆಸ್ಪತ್ರೆ ಸೇರಿ ಕುಡಿತವನ್ನು ಬಿಟ್ಟನು. ಅನಂತರ ಐದಾರು ತಿಂಗಳ ಕಾಲ ಅವನು ಇತರ ಕುಡುಕರನ್ನು ಹುಡುಕಿಕೊಂಡು ಹೋಗಿ ಬೋಧಿಸಿದನು. ಅವರಲ್ಲಿ ಒಬ್ಬನೂ ಕುಡಿತ ಬಿಡಲಿಲ್ಲ. ಬೋಧನೆಯನ್ನು ಕಡಿಮೆ ಮಾಡುವಂತೆ ಅವನ ವೈದ್ಯರೇ ಸಲಹೆಯಿತ್ತರು.

1935ರ ಮೇ ತಿಂಗಳಲ್ಲಿ ವ್ಯವಹಾರದ ನಿಮಿತ್ತ ಅವನು ಒಹಾಯೊ ಪ್ರಾಂತದ ಆಕ್ರನ್ ನಗರಕ್ಕೆ ಹೋದನು. ವ್ಯವಹಾರ ಕೈಗೂಡಲಿಲ್ಲ. ಹೋಟೆಲಿನ ಪಡಸಾಲೆಯಲ್ಲಿ ಏಕಾಂಗಿಯಾಗಿ ನಿಂತಿದ್ದಾಗ ಒಂದು ಕಡೆಯ ಪಾನಗೃಹದಿಂದ ನಗುವಿನ ಸದ್ದು ಕೇಳಿಬರುತ್ತಿತ್ತು. ಇನ್ನೊಂದು ಕಡೆ ಟೆಲಿಫೋನ್ ಇತ್ತು, ಬಳಿಯಲ್ಲೇ ನಗರದ ದೇವಾಲಯಗಳ ಪಟ್ಟಿಯಿತ್ತು. ತನ್ನನ್ನು ತಾನು ಉಳಿಸಿಕೊಳ್ಳಬೇಕಾದರೆ ತನ್ನಂಥ ಇನ್ನೊಬ್ಬನೊಡನೆ ಮಾತಾಡಬೇಕೆಂದು ಆಗ ಅವನಿಗೆ ಹೊಳೆಯಿತು. ಒಬ್ಬ ಪಾದ್ರಿಯವರಿಗೆ ಟೆಲಿಫೋನ್ ಮಾಡಿ, ಅವರು ಕೊಟ್ಟ ಹೆಸರುಗಳ ಜಾಡು ಹಿಡಿದು, ಕೊನೆಗೆ ಒಬ್ಬ ಮಹಿಳೆಯ ನೆರವಿನಿಂದ ಆ ಊರಿನ ಶಸ್ತ್ರವೈದ್ಯರಾದ ಡಾಕ್ಟರ್ ಬಾಬ್ ಸ್ಮಿತ್ ಅವರನ್ನು ಕಂಡನು. ಅಂದು ಮೇ 12, ತಾಯಂದಿರ ದಿನ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕುಳಿತುಕೊಳ್ಳುವುದಿಲ್ಲವೆಂದು ಬಂದ ಡಾಕ್ಟರರು ರಾತ್ರಿ ಹನ್ನೊಂದು ಗಂಟೆಯ ತನಕ ಎದ್ದೇಳಲಿಲ್ಲ.

ಕಾರಣವೇನು? ಮದ್ಯದಿಂದಾಗುವ ಹಾನಿಯ ವಿಷಯದಲ್ಲಿ ಆ ವೈದ್ಯರಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಪ್ರಾರ್ಥಿಸಿಯೂ ಇದ್ದರು, ಓದಿಯೂ ಇದ್ದರು. ಆದರೆ ಆ ದಿನ ಬಂದವನು ಅವರ ಕಥೆಯನ್ನು ಕೇಳಲು ಅವಸರಪಡಲಿಲ್ಲ, ಅವರನ್ನು ತಿದ್ದಲೂ ಹೊರಡಲಿಲ್ಲ. ತನ್ನ ಕಥೆಯನ್ನಷ್ಟೇ ಹೇಳಿದನು. ಅದರಲ್ಲಿ ಡಾಕ್ಟರರು ತಮ್ಮನ್ನೇ ಕಂಡರು. ಆಮೇಲೆ ಅವರು ಇನ್ನೊಮ್ಮೆ ಎಡವಿದ್ದುಂಟು. ಆದರೆ ಅದೇ ವರ್ಷದ ಜೂನ್ 10ರಂದು ಕುಡಿದದ್ದೇ ಅವರ ಕೊನೆಯ ಕುಡಿತವಾಯಿತು. 'ಆಲ್ಕೋಹಾಲಿಕ್ಸ್ ಅನಾನಿಮಸ್' ಎಂಬ ಸಂಘವು ಆ ದಿನವನ್ನೇ ತನ್ನ ಜನ್ಮದಿನವೆಂದು ಎಣಿಸುತ್ತದೆ. 1939ರಲ್ಲಿ ಅವರು ತಂದ ಗ್ರಂಥದಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಗಳು ಸದಸ್ಯರ ಸ್ವಂತ ಕಥೆಗಳೇ ಆಗಿವೆ. 1957ರಲ್ಲಿ ಈ ಸಂಘವು ನಮ್ಮ ಭಾರತಕ್ಕೂ ಬಂದಿತು.

ಈ ಕಾರ್ಯದಲ್ಲಿ ನಮ್ಮ ಪವಿತ್ರ ಸಭೆಯ ಇಬ್ಬರ ಪಾತ್ರವನ್ನು ನೆನೆಯುವುದು ಉಚಿತ. ಆಕ್ರನ್ ನಗರದ ಸಂತ ತೋಮಸರ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನಾಷಿಯಾ ಎಂಬ ಧರ್ಮಭಗಿನಿಯವರು, ಕುಡುಕರಿಗೆ ಆಸ್ಪತ್ರೆಗಳು ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ, 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ಅವರ ಒಬ್ಬ ರೋಗಿಯನ್ನು ಹೊಟ್ಟೆಯುರಿಯ ಕಾಯಿಲೆಯೆಂದು ಬರೆದುಕೊಂಡು ಒಳಗೆ ಸೇರಿಸಿದರು. ಕುಡಿತ ಬಿಟ್ಟವರು ಬಂದು ರೋಗಿಗಳ ಹಾಸಿಗೆಯ ಬಳಿ ಕುಳಿತು ತಮ್ಮ ತಮ್ಮ ಕಥೆ ಹೇಳುವುದು ಅಲ್ಲಿ ಚಿಕಿತ್ಸೆಯ ಒಂದು ಅಂಗವೇ ಆಯಿತು. ಇನ್ನೊಬ್ಬರು ಯೇಸುಸಭೆಯ ಎಡ್ವರ್ಡ್ ಡೌಲಿಂಗ್ ಗುರುಗಳು. 1940ರ ಕೊನೆಯ ಒಂದು ರಾತ್ರಿ, ಕೀಲುನೋವಿನಿಂದ ಕುಂಟುತ್ತ, ಅವರು ಬಿಲ್ಲನ ಕೋಣೆಗೆ ಬಂದರು. ಅವರು ಕುಡುಕರಲ್ಲ, ಬಿಲ್ ಕಥೋಲಿಕನಲ್ಲ. ಆದರೂ ಅಂದು ಬಿಲ್ ಯಾರಿಗೂ ಹೇಳದೆ ಉಳಿಸಿಕೊಂಡಿದ್ದುದನ್ನೆಲ್ಲ ಅವರ ಮುಂದೆ ಹೇಳಿಕೊಂಡನು, ಅವರು ಕೇಳಿದರು. ಎಷ್ಟೋ ಜನರಿಗೆ ದಾರಿ ತೋರಿಸಿದವನಿಗೂ ಒಬ್ಬ ಕೇಳುಗನ ಅಗತ್ಯವಿತ್ತೆಂಬುದನ್ನು ಗಮನಿಸಿರಿ.

ನಮ್ಮ ಪ್ರಭುವೂ ಈ ಅಗತ್ಯವನ್ನು ಬಲ್ಲವರಾಗಿದ್ದರು. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀ ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟಿದ ಕೂಡಲೇ ಗುಣಹೊಂದಿದಳೆಂದು ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ದೇಹಕ್ಕೆ ಗುಣವಾಗಿತ್ತು, ಅವಳು ಗುಟ್ಟಾಗಿಯೇ ಹೋಗಿಬಿಡಬಹುದಾಗಿತ್ತು. ಆದರೆ ಪ್ರಭು ನಿಂತರು, ಕಾದರು. ಅವಳು ನಡುಗುತ್ತ ಬಂದು ನಡೆದುದೆಲ್ಲವನ್ನೂ ಹೇಳಿದಳು. ಆಗ ಅವರು ಅವಳನ್ನು ಮಗಳೇ ಎಂದು ಕರೆದರು. ಸ್ಪರ್ಶದಿಂದ ಅವಳ ರೋಗ ಹೋಯಿತು. ಹೇಳಿಕೊಂಡುದರಿಂದ ಅವಳು ಮತ್ತೆ ಜನರ ನಡುವಿನವಳಾದಳು.

ಇಲ್ಲಿ ಒಂದೆರಡು ಸಂದೇಹಗಳನ್ನು ಪರಿಹರಿಸಬೇಕು. ಪಾಪನಿವೇದನೆಯಿರುವಾಗ ಇದೇಕೆ ಎಂದು ಕೆಲವರು ಕೇಳಿಯಾರು. ಪಾಪನಿವೇದನೆಯಲ್ಲಿ ನಾವು ದೇವರ ಕ್ಷಮೆಯನ್ನು ಪಡೆಯುತ್ತೇವೆ. ಆ ವರವನ್ನು ಯಾವ ಸಂಘದ ಕೂಟವೂ ನೀಡಲಾರದು. ಆದರೆ ಕ್ಷಮೆ ಪಡೆದವನು ಮರುದಿನ ಸಂಜೆ ಆರು ಗಂಟೆಗೆ ಹೆಂಡದಂಗಡಿಯ ಮುಂದೆ ಹಾದುಹೋಗಬೇಕಲ್ಲವೇ? ಆ ಗಳಿಗೆಯಲ್ಲಿ ಅದೇ ದಾರಿಯಲ್ಲಿ ನಡೆದು ಬಂದವನೊಬ್ಬ ಜೊತೆಗಿದ್ದರೆ ಅದೂ ದೇವರ ಕೃಪೆಯೇ. ಎರಡನೆಯದಾಗಿ, ಮಾತು ಔಷಧಿಗೆ ಬದಲಿಯಲ್ಲ. ಬಹುಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಿರಿ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ವಿಭಾಗವಿದೆ. ಇನ್ನು, ಇದರಿಂದ ನಿಜವಾಗಿ ಫಲವುಂಟೇ ಎಂಬ ಪ್ರಶ್ನೆ. 2020ರಲ್ಲಿ ಸಂಶೋಧಕರು 10,565 ಮಂದಿಯನ್ನೊಳಗೊಂಡ 27 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಜನರನ್ನು ಈ ಕೂಟಗಳೊಡನೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯು, ಕುಡಿತವನ್ನು ಸಂಪೂರ್ಣವಾಗಿ ಬಿಟ್ಟಿರುವ ವಿಷಯದಲ್ಲಿ, ಇತರ ಪ್ರಮುಖ ಚಿಕಿತ್ಸಾಕ್ರಮಗಳಿಗಿಂತ ಹೆಚ್ಚು ಫಲ ನೀಡಿತೆಂದು ಅವರು ಕಂಡುಕೊಂಡರು. ಎಲ್ಲರಿಗೂ ಫಲಿಸುತ್ತದೆಂದು ಇದರ ಅರ್ಥವಲ್ಲ; ಆದರೆ ಬರಿಯ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ.

ಹಾಗಾದರೆ ಊರ ಕಟ್ಟೆಯ ಮೇಲೆ ದಿನವೂ ಹೇಳುವ ಕಥೆಗಳಿಂದ ನಮಗೇಕೆ ಗುಣವಾಗುವುದಿಲ್ಲ? ಅಲ್ಲಿ ನಾವು ಹೇಳುವುದು ಪರರ ಕಥೆಯನ್ನು. ಚಾಡಿಗೂ ಸಾಕ್ಷ್ಯಕ್ಕೂ ಇರುವ ಅಂತರ ಇಷ್ಟೇ: ಒಂದರಲ್ಲಿ ಇನ್ನೊಬ್ಬನ ಗಾಯವನ್ನು ತೆರೆದು ತೋರಿಸುತ್ತೇವೆ, ಇನ್ನೊಂದರಲ್ಲಿ ನಮ್ಮ ಗಾಯವನ್ನು. ಆದುದರಿಂದಲೇ ಈ ಸಂಘದವರು ಹೆಸರನ್ನು ಗುಟ್ಟಾಗಿಡುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ಒಬ್ಬನು ಮಾತಾಡುತ್ತಿರುವಾಗ ಇನ್ನೊಬ್ಬನು ನಡುವೆ ಬಾಯಿ ಹಾಕುವುದಿಲ್ಲ, ತೀರ್ಪು ಕೊಡುವುದಿಲ್ಲ. ಹೇಳಲು ಮನಸ್ಸಿಲ್ಲದವನು ಸುಮ್ಮನೆ ಕುಳಿತಿರಬಹುದು. ಈ ಮರ್ಯಾದೆಗಳಿಲ್ಲದ ಕಡೆ ಯಾರೂ ತಮ್ಮ ಕಥೆಯನ್ನು ಬಿಚ್ಚದಿರುವುದೇ ಲೇಸು.

ಕುಡಿಯುವಾತನ ಮನೆಯವರನ್ನೂ ಮರೆಯಬಾರದು. ಬಿಲ್ಲನ ಪತ್ನಿ ಲೋಯಿಸ್ ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ 'ಅಲ್-ಅನಾನ್' ಎಂಬ ಪ್ರತ್ಯೇಕ ಸಂಘವನ್ನು ಗೆಳತಿಯೊಬ್ಬಳೊಡನೆ ಕಟ್ಟಿದಳು. ಗಂಡ ಕುಡಿತ ಬಿಟ್ಟರೂ ಬಿಡದಿದ್ದರೂ ಅವಳ ನೋವು ಅವಳದೇ. ಅದನ್ನು ಕೇಳುವ ಕಿವಿ ಅವಳಿಗೂ ಬೇಕು.

ನನ್ನ ಪ್ರಿಯ ಜನರೇ, ನಮ್ಮ ಸಭಾಭವನದ ಹಿಂಬದಿಯ ಕೊಠಡಿಯನ್ನು ವಾರಕ್ಕೊಂದು ಸಂಜೆ ಇಂಥ ಕೂಟಕ್ಕೆ ಬಿಟ್ಟುಕೊಡಬೇಕೆಂಬ ಕೋರಿಕೆ ಪಾಲನಾ ಸಮಿತಿಯ ಮುಂದಿರುವುದು ನಿಮಗೆ ತಿಳಿದಿದೆ. ಸಂಭ್ರಮದ ವರ್ಷದಲ್ಲಿ ಇದೇಕೆ ಎಂದು ಕೆಲವರು ಕೇಳಿದ್ದಾರೆ. ಆ ಬಾಗಿಲಲ್ಲಿ ಯಾರು ಹೋಗಿಬರುತ್ತಾರೆಂದು ಜನ ನೋಡುತ್ತಾರೆ, ಊರೆಲ್ಲ ಮಾತಾಡುತ್ತದೆ ಎಂದೂ ಹೇಳಿದ್ದಾರೆ. ಈ ಎರಡನೆಯ ಮಾತು ನಿಜ. ಆದರೆ ಹಾಗೆ ನೋಡುವ ಜನ, ಮಾತಾಡುವ ಊರು ಬೇರೆ ಯಾರೂ ಅಲ್ಲ, ನಾವೇ. ಹೆಂಡದಂಗಡಿಗೆ ಹೋಗುವವನನ್ನು ಕಂಡು ಸುಮ್ಮನಿರುವ ನಾವು, ಅದನ್ನು ಬಿಡಲು ಹೋಗುವವನನ್ನು ಕಂಡು ಪಿಸುಗುಟ್ಟಬೇಕೇ? ಕೊಠಡಿಯನ್ನು ಸಮಿತಿ ಕೊಡಬಹುದು. ಅಲ್ಲಿಗೆ ಹೋಗುವವನು ತಲೆಯೆತ್ತಿ ನಡೆಯುವಂತೆ ಮಾಡುವುದು ಮಾತ್ರ ಈ ಸಭೆಯಲ್ಲಿ ಕುಳಿತಿರುವ ಪ್ರತಿಯೊಬ್ಬರ ಕೈಯಲ್ಲಿದೆ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಪ್ರಾರ್ಥನೆಗೆಂದು ಒಂದು ಸೂರು ಕಟ್ಟಿದರು. ಅದರ ಆಶ್ರಯದಲ್ಲಿ ಒಬ್ಬ ಮನುಷ್ಯನು ಇನ್ನೊಬ್ಬನೆದುರು ಭಯವಿಲ್ಲದೆ ಬಾಯಿ ತೆರೆಯುವಂತಾದರೆ ಅವರ ಶ್ರಮ ಇನ್ನಷ್ಟು ಸಾರ್ಥಕವಾದೀತು. ಬರುವ ಭಾನುವಾರ ಪೂಜೆಯ ಬಳಿಕ ಸಮಿತಿಯು ಸೇರುವುದು. ನಿಮ್ಮ ಅಭಿಪ್ರಾಯವನ್ನು ಬಂದು ತಿಳಿಸಿರಿ.

ದೇವರು ನಿಮ್ಮೆಲ್ಲರನ್ನೂ, ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ.