ಹದಿಹರೆಯದ ಮಕ್ಕಳ ಲೈಂಗಿಕ ಆರೋಗ್ಯ: ಮನೆಯವರ ಪಾತ್ರ



ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ವಯಸ್ಸನ್ನು ಹದಿಹರೆಯವೆಂದು ಗುರುತಿಸುತ್ತದೆ. ನಿಮ್ಮ ಮನೆಯಲ್ಲಿ ಈ ವಯಸ್ಸಿನ ಮಗನೋ ಮಗಳೋ ಇದ್ದರೆ ಈ ನಾಲ್ಕು ಮಾತುಗಳು ನಿಮಗಾಗಿ.

ಮಕ್ಕಳ ಜ್ವರ, ಊಟ, ಪರೀಕ್ಷೆಯ ಅಂಕಗಳ ಬಗ್ಗೆ ನಾವು ಧಾರಾಳವಾಗಿ ಮಾತನಾಡುತ್ತೇವೆ. ಆದರೆ ದೇಹದ ಬೆಳವಣಿಗೆ, ಪರಸ್ಪರ ಆಕರ್ಷಣೆ, ಗರ್ಭಧಾರಣೆ, ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು ಎಂದೊಡನೆ ಮನೆಯಲ್ಲಿ ಮೌನ. 'ಕಾಲ ಬಂದಾಗ ತಾನಾಗಿಯೇ ತಿಳಿಯುತ್ತದೆ' ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ತಿಳಿಯುವುದೇನೋ ನಿಜ. ಆದರೆ ಯಾರಿಂದ? ಓರಗೆಯವರಿಂದ, ಬಸ್ ನಿಲ್ದಾಣದ ಗೋಡೆಯ ಮೇಲಿನ ನಕಲಿ ವೈದ್ಯರ ಜಾಹೀರಾತಿನಿಂದ, ಈಗಂತೂ ಕೈಯಲ್ಲಿರುವ ಮೊಬೈಲಿನಿಂದ. ಹೀಗೆ ತಿಳಿದದ್ದರಲ್ಲಿ ಸತ್ಯಕ್ಕಿಂತ ಭಯ ಮತ್ತು ಭ್ರಮೆಗಳೇ ಹೆಚ್ಚು.

ಇಂಥ ಮಾತನಾಡಿದರೆ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಅಂಜಿಕೆ ಹಲವರಲ್ಲಿದೆ. 2005ರಲ್ಲಿ ಶಾಲೆಗಳಿಗಾಗಿ ರೂಪಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದುದಕ್ಕೆ ಈ ಅಂಜಿಕೆಯೇ ಮುಖ್ಯ ಕಾರಣ. ಆದರೆ ಯುನೆಸ್ಕೋ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಅನೇಕ ದೇಶಗಳ ಅಧ್ಯಯನಗಳನ್ನು ಒರೆಗೆ ಹಚ್ಚಿ, ಸರಿಯಾದ ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದು ತಿಳಿಸಿದೆ. ತಂದೆತಾಯಿಯರ ಮಾತುಕತೆಯ ಬಗ್ಗೆ ನಡೆದ 52 ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮನೆಯಲ್ಲಿ ಮಾತನಾಡಿದ ಮಕ್ಕಳು ಸುರಕ್ಷತೆಯ ಕಡೆಗೆ ಹೆಚ್ಚು ಗಮನ ಕೊಡುವುದು ಕಂಡುಬಂತು. ಪರಿಣಾಮ ಬೆಟ್ಟದಷ್ಟು ದೊಡ್ಡದಲ್ಲ, ಆದರೆ ಖಚಿತವಾದುದು. ತಾಯಿಯೊಡನೆ ಆಡಿದ ಮಾತಿನ ಪ್ರಭಾವ ಹೆಚ್ಚಾಗಿತ್ತು.

ಮಾತಿನಷ್ಟೇ ಮುಖ್ಯವಾದವು ಇನ್ನೆರಡು: ಒಂದು ಆತ್ಮೀಯತೆ, ಇನ್ನೊಂದು ನಿಗಾ. ನಿಗಾ ಎಂದರೆ ಪೊಲೀಸ್ ಕಾವಲಲ್ಲ. ಮಗ ಎಲ್ಲಿದ್ದಾನೆ, ಮಗಳ ಗೆಳತಿಯರು ಯಾರು ಎಂಬುದು ಹೆತ್ತವರಿಗೆ ತಿಳಿಯುವುದು ಬಹುಮಟ್ಟಿಗೆ ಮಕ್ಕಳು ತಾವಾಗಿ ಹೇಳುವುದರಿಂದಲೇ. ಚೀಲ ತಡಕಿ, ಮೊಬೈಲ್ ಕಸಿದು ತಿಳಿಯುವುದು ಸ್ವಲ್ಪ. ಅದರಿಂದ ಮಗು ಮುಚ್ಚಿಡುವುದನ್ನು ಕಲಿಯುವುದೇ ಹೆಚ್ಚು. ಹೇಳಿದರೆ ಬೈಗುಳ ತಿನ್ನಬೇಕಾಗಿಲ್ಲ ಎಂಬ ಭರವಸೆ ಇರುವ ಮನೆಯಲ್ಲಿ ಮಕ್ಕಳು ಹೇಳುತ್ತಾರೆ. ಜೊತೆಗೆ ಮನೆಗೆ ಬರುವ ವೇಳೆ, ಹೋಗುವ ಜಾಗ ಇವುಗಳಿಗೆ ಸ್ಪಷ್ಟವಾದ ನಿಯಮಗಳೂ ಇರಬೇಕು. ಆ ನಿಯಮಗಳು ಮಗಳಿಗೆ ಒಂದು, ಮಗನಿಗೆ ಇನ್ನೊಂದು ಎಂದಾಗಬಾರದು.

ಹಾಗಾದರೆ ಯಾವಾಗ, ಏನು ಹೇಳಬೇಕು? ಒಂದೇ ದಿನ ಕೂರಿಸಿಕೊಂಡು ದೊಡ್ಡ ಉಪದೇಶ ಮಾಡುವುದು ಬೇಡ. ಮುಟ್ಟು ಎಂದರೇನು ಎಂಬುದನ್ನು ಮಗಳಿಗೆ ಅದು ಬರುವ ಮೊದಲೇ, ಒಂಬತ್ತು ಹತ್ತು ವರ್ಷಕ್ಕೇ ತಿಳಿಸಿರಿ. ಮಗಳು ಮೈನೆರೆದಾಗ ಆರತಿ ಎತ್ತುವ ಮನೆಗಳಲ್ಲಿಯೂ ಅವಳ ದೇಹದಲ್ಲಿ ಏನಾಯಿತೆಂದು ವಿವರಿಸುವವರು ವಿರಳ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷ ತಕ್ಕ ಕಾಲ. ಈ ಮಾತನ್ನೂ ಆಗಲೇ ಎತ್ತಬಹುದು. ಗಂಡುಮಕ್ಕಳಿಗಂತೂ ಯಾರೂ ಏನನ್ನೂ ಹೇಳುವುದಿಲ್ಲ. ನಿದ್ರೆಯಲ್ಲಿ ವೀರ್ಯಸ್ಖಲನವಾಗುವುದು ಸಹಜ, ಅದು ರೋಗವಲ್ಲ, ಅದರಿಂದ ಶಕ್ತಿಯೂ ಕುಂದುವುದಿಲ್ಲ ಎಂದು ತಂದೆ ಅಥವಾ ಅಣ್ಣ ಒಂದು ಮಾತು ಹೇಳಿದರೆ ಸಾಕು, ಎಷ್ಟೋ ಹುಡುಗರು ನಕಲಿ ವೈದ್ಯರ ಬಾಗಿಲು ತಟ್ಟುವುದು ತಪ್ಪುತ್ತದೆ. ಹದಿನಾಲ್ಕು ಹದಿನೈದರ ಹೊತ್ತಿಗೆ ಗರ್ಭ ಹೇಗೆ ನಿಲ್ಲುತ್ತದೆ, ಎಚ್‌ಐವಿ ಹೇಗೆ ಹರಡುತ್ತದೆ, ಕಾಂಡೋಮ್ ಹೇಗೆ ರಕ್ಷಣೆ ಕೊಡುತ್ತದೆ, ಖಾಸಗಿ ಚಿತ್ರ ಕಳುಹಿಸಿದರೆ ಯಾವ ಅಪಾಯವಿದೆ ಎಂಬುದು ಇಬ್ಬರಿಗೂ ತಿಳಿದಿರಬೇಕು.

ಬಾಯಿಮಾತಿಗಿಂತ ದೊಡ್ಡ ಪಾಠವೊಂದಿದೆ. ಗಂಡ ಹೆಂಡತಿಯನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದನ್ನು ಮಕ್ಕಳು ದಿನವೂ ನೋಡುತ್ತಾರೆ. ತಾಯಿಯ 'ಬೇಡ' ಎಂಬ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಬೆಳೆದ ಹುಡುಗ, ನಾಳೆ ಬೇರೊಬ್ಬ ಹುಡುಗಿಯ 'ಬೇಡ' ಎಂಬ ಮಾತಿಗೆ ಬೆಲೆ ಕೊಡುವುದನ್ನು ಎಲ್ಲಿಂದ ಕಲಿಯಬೇಕು? ಅದೇ ಮನೆಯ ಹುಡುಗಿ 'ಬೇಡ' ಎನ್ನುವ ಧೈರ್ಯವನ್ನು ಎಲ್ಲಿಂದ ತರಬೇಕು?

ಇನ್ನು ಲೈಂಗಿಕ ದೌರ್ಜನ್ಯದ ವಿಷಯ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದುದಾಗಿ ಹೇಳಿದ್ದರು. ಹೀಗೆ ನಡೆದುಕೊಂಡವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದ ಸ್ಥಾನದಲ್ಲಿದ್ದವರು. ಆದುದರಿಂದ ಅಪರಿಚಿತರ ಬಗ್ಗೆ ಎಚ್ಚರಿಸಿದರೆ ಸಾಲದು. ನೆಂಟರ ಹತ್ತಿರ ಹೋಗಲು ಮಗು ಹಿಂಜರಿದರೆ ಬಲವಂತ ಮಾಡಬೇಡಿರಿ, ಕಾರಣ ಕೇಳಿರಿ. ಮಗು ಏನಾದರೂ ಹೇಳಿದರೆ ಮೊದಲು ನಂಬಿರಿ. ಮನೆತನದ ಮಾನ ದೊಡ್ಡದು, ಮಗು ಚಿಕ್ಕದು ಎಂಬ ಲೆಕ್ಕ ಬೇಡ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ.

ಮಗಳಿಗೆ ಪ್ರೇಮಪತ್ರವೋ ಮೊಬೈಲ್ ಸಂದೇಶವೋ ಬಂದದ್ದು ತಿಳಿದೊಡನೆ ಶಾಲೆ ಬಿಡಿಸಿ, ಗಂಡು ನೋಡುವ ಮನೆಗಳು ಈಗಲೂ ಇವೆ. ಅಪಾಯದಿಂದ ಪಾರು ಮಾಡುತ್ತೇವೆಂಬ ಭಾವನೆ ಹಿರಿಯರದು. ಆದರೆ ಎಳೆಯ ವಯಸ್ಸಿನ ಗರ್ಭ, ಕಷ್ಟದ ಹೆರಿಗೆ, ಗಂಡನೊಡನೆ ಎದುರು ಮಾತನಾಡಲಾಗದ ಸ್ಥಿತಿ ಇವೆಲ್ಲ ಅಂಥ ಮದುವೆಯ ಒಳಗೇ ಕಾದಿರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 23 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಮಕ್ಕಳಿಗೆ ಇನ್ನೊಂದು ಕಾನೂನನ್ನೂ ತಿಳಿಸಬೇಕು. 2012ರ ಪೋಕ್ಸೋ ಕಾಯಿದೆಯಂತೆ 18 ವರ್ಷದೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. 'ಇಬ್ಬರಿಗೂ ಇಷ್ಟವಿತ್ತು' ಎಂಬ ಮಾತು ಹುಡುಗನನ್ನು ಜೈಲಿನಿಂದ ತಪ್ಪಿಸುವುದಿಲ್ಲ. ಇದನ್ನು ಗಂಡುಮಕ್ಕಳ ಹೆತ್ತವರು ಹೇಳದಿದ್ದರೆ ಅವರು ಠಾಣೆಯಲ್ಲಿ ತಿಳಿಯಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಅವಘಡ ನಡೆಯಬಹುದು. ಆಗ ಗಂಟೆಗಳ ಲೆಕ್ಕ ಮುಖ್ಯವಾಗುತ್ತದೆ. ಎಚ್‌ಐವಿ ಸೋಂಕು ತಗಲದಂತೆ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಮುಂದುವರಿಸಬೇಕು. ತುರ್ತು ಗರ್ಭನಿರೋಧಕ ಮಾತ್ರೆಯೂ 72 ಗಂಟೆಗಳೊಳಗೆ, ಎಷ್ಟು ಬೇಗನೆ ಸೇವಿಸಿದರೆ ಅಷ್ಟು ಫಲಕಾರಿ. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ನೀಡಬೇಕೆಂಬುದು ಕಾನೂನು. ಅಪ್ರಾಪ್ತೆ ಗರ್ಭಿಣಿಯಾದರೆ ಪೋಷಕರ ಲಿಖಿತ ಒಪ್ಪಿಗೆಯೊಡನೆ ವೈದ್ಯಕೀಯ ಗರ್ಭಪಾತಕ್ಕೆ ಅವಕಾಶವಿದೆ. ಪೋಷಕರೂ ಹುಡುಗಿಯೂ ಕೋರಿದರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಅವಳ ಗುರುತನ್ನು ತಿಳಿಸಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಮಾನಕ್ಕೆ ಅಂಜಿ ಊರಾಚೆಯ ಅರೆವೈದ್ಯರ ಬಳಿಗೆ ಕರೆದೊಯ್ಯುವ ಕಾರಣವೇ ಇಲ್ಲ.

ಈ ಮೂರು ದಿನಗಳಲ್ಲಿ ಮಗು ನಿಮ್ಮ ಬಳಿಗೆ ಬಂದು ಹೇಳುತ್ತದೆಯೇ ಇಲ್ಲವೇ ಎಂಬುದು ಆ ಮೂರು ದಿನಗಳಲ್ಲಿ ತೀರ್ಮಾನವಾಗುವುದಿಲ್ಲ. ಹಿಂದಿನ ಹತ್ತು ವರ್ಷ ನೀವು ಅದರ ಸಣ್ಣಪುಟ್ಟ ತಪ್ಪುಗಳನ್ನು ಹೇಗೆ ಕೇಳಿಸಿಕೊಂಡಿರಿ ಎಂಬುದರಿಂದ ಆಗಿರುತ್ತದೆ.

ನಿಮಗೆ ಹೇಳಲು ತೀರ ಸಂಕೋಚವಾದರೆ ಚಿಕ್ಕಮ್ಮ, ಸೋದರಮಾವ, ಅಜ್ಜಿ, ಆಶಾ ಕಾರ್ಯಕರ್ತೆ, ಹೀಗೆ ಮಗು ನಂಬುವ ಒಬ್ಬರನ್ನು ಮುಂದೆ ಮಾಡಿರಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರಿಗಾಗಿಯೇ ಇವೆ. ಮನಸ್ಸಿನ ದುಗುಡಕ್ಕೆ 14416 ಟೆಲಿಮಾನಸ್ ಸಂಖ್ಯೆಯಿದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಇಷ್ಟನ್ನಾದರೂ ಹೇಳಿಬಿಡಿರಿ: 'ಏನೇ ಆಗಲಿ, ಮೊದಲು ನಮಗೆ ಹೇಳು. ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಮುಂದೇನು ಎಂದು ಸೇರಿ ಯೋಚಿಸೋಣ.' ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿರಿ.