ಬೆನ್ನುಹುರಿಗೆ ಬಿಡುವ ‘ಡೈ’

ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಬೆನ್ನಿಗೆ ಪೆಟ್ಟಾಗಲು ಕಾರಣಗಳಿಗೇನೂ ಕೊರತೆಯಿಲ್ಲ. ಮರಗಸಿಗೆಂದು ಹತ್ತಿದ ಮರದ ಕೊಂಬೆ ಮುರಿಯುತ್ತದೆ; ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಒರಗಿಸಿದ ಏಣಿ ಜಾರುತ್ತದೆ. ಗಾಯಾಳುವನ್ನು ಹಾಸನಕ್ಕೋ ಮಂಗಳೂರಿಗೋ ಕರೆದೊಯ್ದಾಗ ವೈದ್ಯರು ‘ಡೈ ಹಾಕಿ ನೋಡಬೇಕು’ ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಕಾಲು ಹೋಗುತ್ತದೆ ಎಂಬ ಭಯ ಹಳೆಯದು. ಅದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಡೈ ಎಂದರೆ ಬಣ್ಣವಲ್ಲ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನರ ಕಾಣದು. ಅಯೋಡಿನ್ ಆ ಕಿರಣಗಳನ್ನು ತಡೆಯುತ್ತದೆ. ಅಯೋಡಿನ್ ಇರುವ ದ್ರವವನ್ನು ಬೆನ್ನುಹುರಿಯ ಸುತ್ತಲಿನ ನೀರಿಗೆ ಬಿಟ್ಟರೆ ಹುರಿ, ನರಗಳ ಬೇರು ಎರಡೂ ಅದರ ನಡುವೆ ನೆರಳಾಗಿ ಮೂಡುತ್ತವೆ. ಇದೇ ಮೈಲೋಗ್ರಾಂ. 1921ರಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫೋರೆಸ್ಟಿಯೆ ಇದಕ್ಕೆ ಬಳಸಿದ್ದು ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆಯನ್ನು!

1940ರ ದಶಕದಲ್ಲಿ ಮತ್ತೊಂದು ಎಣ್ಣೆ ಬಂತು. ಬ್ರಿಟನ್ನಿನಲ್ಲಿ ಅದರ ಹೆಸರು ಮಯೋಡಿಲ್. ಎಣ್ಣೆ ನೀರಿನಲ್ಲಿ ಕರಗದಷ್ಟೆ. ಪರೀಕ್ಷೆ ಮುಗಿದ ಮೇಲೆ ಸೂಜಿಯಿಂದ ಹೊರಗೆಳೆದರೂ ಹನಿಗಳು ಉಳಿಯುತ್ತಿದ್ದವು, ವರ್ಷಗಟ್ಟಲೆ. ಕೆಲವರಲ್ಲಿ ಹುರಿಯ ಪೊರೆ ಉರಿಯೂತಗೊಂಡು ನರಗಳ ಬೇರುಗಳು ಒಂದಕ್ಕೊಂದು ಅಂಟಿಕೊಂಡವು; ನೋವು ಶಾಶ್ವತವಾಯಿತು. ನೂರಾರು ಬ್ರಿಟಿಷ್ ರೋಗಿಗಳು ಹೂಡಿದ ದಾವೆ 1995ರಲ್ಲಿ ಪರಿಹಾರದೊಂದಿಗೆ ಮುಗಿಯಿತು; ಕಂಪನಿ ಮಾತ್ರ ಹೊಣೆ ಒಪ್ಪಿಕೊಳ್ಳಲಿಲ್ಲ.

ಬದಲಾವಣೆಗೆ ಕಾರಣನಾದವನು ಸ್ವೀಡನ್ನಿನ ವೈದ್ಯ ಟಾರ್ಸ್ಟೆನ್ ಆಲ್ಮೆನ್. ಉಪ್ಪು ಹೆಚ್ಚಿರುವ ಸಮುದ್ರದಲ್ಲಿ ಈಜಿದರೆ ಕಣ್ಣು ಉರಿಯುತ್ತದೆ, ಉಪ್ಪು ಕಡಿಮೆಯಿರುವ ಬಾಲ್ಟಿಕ್‌ನಲ್ಲಿ ಅಷ್ಟಿಲ್ಲ. ಆಗಿನ ಡೈಗಳು ರಕ್ತಕ್ಕಿಂತ ಹಲವು ಪಟ್ಟು ಸಾಂದ್ರ. ನೋವಿಗೆ ಅದೇ ಕಾರಣವಿರಬೇಕೆಂದು ಅವನು ತರ್ಕಿಸಿದ. ಅವನ ಯೋಚನೆಯಿಂದ ಹುಟ್ಟಿದ, ವಿದ್ಯುದಂಶವಿಲ್ಲದ ಅಣುಗಳ ಡೈ ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೊರಹೋಗುತ್ತದೆ. 1980ರ ದಶಕದಲ್ಲಿ ಬಂದ ಅಯೋಹೆಕ್ಸಾಲ್ ಇಂದಿಗೂ ಬಳಕೆಯಲ್ಲಿದೆ. ತಲೆನೋವು, ವಾಂತಿ ಬರಬಹುದು, ಫಿಟ್ಸ್ ಅಪರೂಪ.

ಇಂದಿನ ದೊಡ್ಡ ಅಪಾಯ ಬೇರೆ. ಮೂತ್ರಪಿಂಡದ ಚಿತ್ರಕ್ಕೆಂದು ಇರುವ ಹಳೆಯ ಬಗೆಯ, ವಿದ್ಯುದಂಶವುಳ್ಳ ಡೈಯನ್ನು ತಪ್ಪಿ ಬೆನ್ನಿಗೆ ಚುಚ್ಚಿದರೆ ಕಾಲಿನಿಂದ ಮೇಲಕ್ಕೇರುವ ಸೆಳೆತ ಶುರುವಾಗಿ ಪ್ರಾಣಕ್ಕೇ ಬರಬಹುದು. ಒಂದು ಸೀಸೆಯ ಚೀಟಿಯನ್ನು ಓದದಿದ್ದರೆ ಸಾಕು. ಆದ್ದರಿಂದ ‘ಇದು ಬೆನ್ನುಹುರಿಗೆ ಆಗುವ ಡೈ ತಾನೆ?’ ಎಂದು ಕೇಳುವುದು ಅಧಿಕಪ್ರಸಂಗವೇನಲ್ಲ.

ಎಂಆರ್‌ಐಯ ವಿಚಾರ ಬೇರೆ. ಸಾಮಾನ್ಯ ಬೆನ್ನುನೋವಿಗೆ, ಡಿಸ್ಕ್ ತೊಂದರೆಗೆ ಅದರಲ್ಲಿ ಡೈ ಬೇಕಾಗುವುದೇ ಇಲ್ಲ. ಕ್ಷಯ, ಗೆಡ್ಡೆ, ಹಿಂದಿನ ಶಸ್ತ್ರಕ್ರಿಯೆಯ ಗುರುತು ನೋಡಬೇಕಾದಾಗ ಗ್ಯಾಡೋಲಿನಿಯಂ ಕೊಡುತ್ತಾರೆ, ಅದೂ ಕೈಯ ರಕ್ತನಾಳಕ್ಕೆ. ಮೂತ್ರಪಿಂಡ ತೀರ ಕೆಟ್ಟವರಲ್ಲಿ ಇದರ ಕೆಲವು ಹಳೆಯ ಬಗೆಗಳು ಚರ್ಮ ಬಿಗಿಯುವ ಕಾಯಿಲೆ ತಂದದ್ದು 2006ರಲ್ಲಿ ಬೆಳಕಿಗೆ ಬಂತು. ಮೂತ್ರಪಿಂಡದ ತೊಂದರೆ, ಹಿಂದೊಮ್ಮೆ ಡೈಗೆ ಅಲರ್ಜಿ, ಫಿಟ್ಸ್, ಬಸಿರು ಇದ್ದರೆ ಮೊದಲೇ ಹೇಳಬೇಕು.

ಹಿಂದೆಂದೋ ಮೈಲೋಗ್ರಾಂ ಮಾಡಿಸಿಕೊಂಡ ಹಿರಿಯರು ಅದನ್ನೂ ಹೇಳಬೇಕು. ಉಳಿದ ಎಣ್ಣೆಯ ಹನಿ ಇಂದಿನ ಎಂಆರ್‌ಐಯಲ್ಲಿ ಗೆಡ್ಡೆಯಂತೆ ಕಂಡು ವೈದ್ಯರ ದಾರಿ ತಪ್ಪಿಸುವುದುಂಟು. ಹಳೆಯ ಫಿಲಂ ಅಟ್ಟದಲ್ಲಿ ಹೊಗೆ ಹಿಡಿದಿದ್ದರೂ ಸರಿ, ಒರೆಸಿ ಜೊತೆಗೆ ತರಬಹುದು.