ಆರೋಗ್ಯಕಾರ್ಯಗಳ ಪರೀಕ್ಷೆಯಲ್ಲಿ ಫಲವೂ ಕಾರಣವೂ



ಜನರ ಆರೋಗ್ಯಕ್ಕಾಗಿ ಕೈಗೊಂಡ ಕಾರ್ಯವೊಂದು ಮುಗಿದೊಡನೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅದರಿಂದ ಫಲವಾಯಿತೆ, ಇಲ್ಲವೆ? ಹಣವನ್ನು ಕೊಟ್ಟವರಿಗೆ ಇಷ್ಟು ಸಾಕಾಗಬಹುದು. ಆದರೆ ಅದೇ ಕಾರ್ಯವು ಒಂದು ತಾಲ್ಲೂಕಿನಲ್ಲಿ ಫಲಿಸಿ, ನೆರೆಯ ತಾಲ್ಲೂಕಿನಲ್ಲಿ ನಿಷ್ಫಲವಾದರೆ ಏನೆಂದು ಉತ್ತರ ಕೊಡುವುದು? ಎರಡನ್ನೂ ಕೂಡಿಸಿ ಸರಾಸರಿ ತೆಗೆದೆವೆಂದರೆ ಗೆದ್ದವರ ಜಾಣ್ಮೆಯೂ ಸೋತವರ ಸಂಕಟವೂ ಒಂದೇ ಅಂಕಿಯಲ್ಲಿ ಅಡಗಿಹೋಗುವುವು.

ಈ ತೊಡಕನ್ನು ಬಿಡಿಸಲು ಇಂಗ್ಲೆಂಡಿನ ವಿದ್ವಾಂಸರಾದ ರೇ ಪಾಸನ್ ಮತ್ತು ನಿಕ್ ಟಿಲ್ಲಿ ಎಂಬವರು 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮಾರ್ಗವನ್ನು ನಿರೂಪಿಸಿದರು. ಅದನ್ನು ಕನ್ನಡದಲ್ಲಿ ವಾಸ್ತವವಾದಿ ಮೌಲ್ಯಮಾಪನವೆನ್ನಬಹುದು. ಯಾರಿಗೆ, ಯಾವ ಸನ್ನಿವೇಶದಲ್ಲಿ, ಹೇಗೆ, ಏಕೆ ಫಲಿಸಿತು ಎಂಬುದೇ ಇಲ್ಲಿಯ ಪ್ರಶ್ನೆ.

ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಇದು ಹೊಸ ವಿಷಯವಲ್ಲ. ಕುದಿಯುವ ಹಾಲಿನಲ್ಲಿ ಹೆಪ್ಪು ಕೆಡುವುದು; ತಣ್ಣನೆಯ ಹಾಲಿನಲ್ಲಿ ಸುಮ್ಮನಿರುವುದು; ಉಗುರುಬೆಚ್ಚಗಿದ್ದರೆ ಮೊಸರಾಗುವುದು. ಹಾಲಿನ ಬಿಸಿಯೇ ಸನ್ನಿವೇಶ, ಒಳಗೆ ಕಣ್ಣಿಗೆ ಕಾಣದಂತೆ ನಡೆಯುವ ಹುಳಿಯೇರುವಿಕೆ ಒಳತಂತ್ರ, ಮೊಸರು ಫಲ. ಆದರೆ ಹೆಪ್ಪಿಗೆ ಮನಸ್ಸಿಲ್ಲ, ಮನುಷ್ಯನಿಗೆ ಉಂಟು. ತರಬೇತು ತಾನಾಗಿ ಏನನ್ನೂ ಮಾಡಲಾರದು. ಅದನ್ನು ಪಡೆದವನು ಏನೆಂದು ಬಗೆದು ಯಾವ ನಿಶ್ಚಯಕ್ಕೆ ಬಂದನೆಂಬುದೇ ಒಳತಂತ್ರ. ವಾಸ್ತವವಾದಿಯೆಂಬ ಹೆಸರು ಹೊತ್ತ ಕೆಲವು ವರದಿಗಳು ತರಬೇತನ್ನೇ ಒಳತಂತ್ರವೆಂದು ಬರೆದು ತೃಪ್ತಿಪಡುವುದುಂಟು. ಅದು ಹೆಪ್ಪನ್ನೇ ಮೊಸರೆಂದು ಬಡಿಸಿದಂತೆ.

ಈ ಮಾರ್ಗವು ನಮ್ಮ ನಾಡಿನಲ್ಲಿಯೂ ಪ್ರಯೋಗಕ್ಕೆ ಬಂದಿರುವುದು. ತುಮಕೂರು ಜಿಲ್ಲೆಯಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಆಡಳಿತದ ತರಬೇತು ನಡೆಯಿತು. ತರಗತಿಯ ಪಾಠದ ಜೊತೆಗೆ, ಅವರವರ ಕಚೇರಿಗೇ ಹೋಗಿ ಮಾರ್ಗದರ್ಶನ ಮಾಡುವ ಏರ್ಪಾಡೂ ಇದ್ದಿತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ, ತಮ್ಮ ಕೇಂದ್ರದ ಯೋಜನೆಯನ್ನು ತಾವೇ ಹಾಕಿಕೊಳ್ಳುವ ಮತ್ತು ಕೊಂಚ ಹಣವನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ವ್ಯಯಿಸುವ ಅವಕಾಶವು ಅವರಿಗೆ ಆಗಲೇ ಒದಗಿತ್ತು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹಚರರು ಅಂಕಿಅಂಶಗಳನ್ನೂ, ಅಧಿಕಾರಿಗಳ ಮಾತುಗಳನ್ನೂ, ಕಣ್ಣಾರೆ ಕಂಡುದನ್ನೂ ಕೂಡಿಸಿ 2014ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು.

ಪಾಠವೊಂದೇ ಆದರೂ ತಾಲ್ಲೂಕುಗಳು ಒಂದೇ ರೀತಿಯಾಗಿ ನಡೆದುಕೊಳ್ಳಲಿಲ್ಲ. ಒಂದರಲ್ಲಿ ನಿಷ್ಠೆಯುಳ್ಳ ಸಿಬ್ಬಂದಿಯು ಮೇಲೆ ಹೇಳಿದ ಅವಕಾಶವನ್ನು ಹಿಡಿದುಕೊಂಡು ಕೆಲಸವನ್ನು ಉತ್ತಮಪಡಿಸಿತು. ಇನ್ನೆರಡರಲ್ಲಿ ಸಿಬ್ಬಂದಿಗೆ ನಿಷ್ಠೆಯಿದ್ದಿತು, ಸುಧಾರಿಸಬೇಕೆಂಬ ಇಚ್ಛೆಯೂ ಇದ್ದಿತು. ಆದರೂ ಅದು ಕೈಗೂಡಲಿಲ್ಲ. ಮತ್ತೊಂದರಲ್ಲಿ ನಿಷ್ಠೆ ಸಾಲದಿದ್ದರೂ ಮುಖ್ಯಸ್ಥರ ನಾಯಕತ್ವವೇ ಆ ಕೊರತೆಯನ್ನು ತುಂಬಿತು. ಆದುದರಿಂದ ನಿಷ್ಠೆಯು ಅನಿವಾರ್ಯವೂ ಅಲ್ಲ, ಅದೊಂದೇ ಸಾಲುವುದೂ ಇಲ್ಲವೆಂದು ಸಂಶೋಧಕರು ಹೇಳಬೇಕಾಯಿತು. ನಿಷ್ಠೆಯನ್ನೇ ಸರ್ವಸಾಧನವೆಂದು ನಂಬಿದ ಭಕ್ತಜನರಿಗೆ ಈ ಮಾತು ಕೊಂಚ ಕಹಿಯೆನಿಸೀತು.

ಆ ಎರಡು ತಾಲ್ಲೂಕುಗಳ ವಿಷಯವನ್ನು ತುಸು ನಿಂತು ಯೋಚಿಸಬೇಕು. ಫಲವನ್ನು ಮಾತ್ರ ನೋಡುವ ಪರೀಕ್ಷಕನು ಅಲ್ಲಿಯ ಅಧಿಕಾರಿಗಳನ್ನು ಸೋಮಾರಿಗಳೆಂದು ಬರೆದುಬಿಡುತ್ತಿದ್ದನು. ಅವರ ಮೇಲೆ ಇನ್ನಷ್ಟು ತರಬೇತನ್ನು ಹೇರಬೇಕೆಂದೂ ಶಿಫಾರಸು ಮಾಡುತ್ತಿದ್ದನೇನೋ. ದುಡಿಯಲು ಸಿದ್ಧನಾದವನಿಗೆ ಅಪವಾದ, ಬೊಕ್ಕಸಕ್ಕೆ ವ್ಯರ್ಥ ವೆಚ್ಚ. ಹೆರಿಗೆಗೆಂದು ಆಸ್ಪತ್ರೆಯ ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಮಾತ್ರ ಯಾವ ಉಪಕಾರವೂ ಆಗುತ್ತಿರಲಿಲ್ಲ.

ಈ ಮಾರ್ಗವು ಸುಲಭವಲ್ಲ, ಬೇಗ ಮುಗಿಯುವುದೂ ಇಲ್ಲ. ಮೇಲಧಿಕಾರಿಗಳು ಬಯಸುವ ಒಂದೇ ಅಂಕಿಯನ್ನು ಇದು ಕೊಡಲಾರದು. ಪರೀಕ್ಷಕನು ಕಾರ್ಯವು ಹೇಗೆ ಫಲಿಸೀತೆಂಬ ಊಹೆಯೊಂದನ್ನು ಮೊದಲೇ ಸ್ಪಷ್ಟವಾಗಿ ಬರೆದಿಟ್ಟುಕೊಂಡು, ಊರೂರಿನಲ್ಲಿ ಅದನ್ನು ಒರೆಗೆ ಹಚ್ಚಿ, ತಪ್ಪಿದಲ್ಲಿ ತಿದ್ದಿ, ತಿದ್ದಿದ ಊಹೆಯೊಡನೆ ಮುಂದಿನ ಜಿಲ್ಲೆಗೆ ಹೋಗತಕ್ಕದ್ದು. ಅಲ್ಲಿ ಅವನು ಮೊದಲು ವಿಚಾರಿಸಬೇಕಾದುದು ತರಬೇತಿಗೆ ಎಷ್ಟು ಮಂದಿ ಬಂದರೆಂಬುದನ್ನಲ್ಲ. ತಾಲ್ಲೂಕಿನ ವೈದ್ಯಾಧಿಕಾರಿಗೆ ತಾನು ಕಲಿತುದನ್ನು ನಡೆಸಲು ಎಷ್ಟು ಅಧಿಕಾರವಿದೆ, ಅವನ ಮೇಲಿನವರು ಅದಕ್ಕೆ ಎಷ್ಟು ಎಡೆಗೊಡುವರು ಎಂಬುದನ್ನು.